ರಕ್ತದ ಚೀಟಿ ಹೇಳುವುದೆಷ್ಟು?

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಾವು ವೈದ್ಯರಲ್ಲ, ಮಿಲ್ಲಿನ ಲೆಕ್ಕ ಬರೆಯುವವರು. ಆದರೂ ಓದಿ ತಿಳಿದುದನ್ನು ತಮ್ಮ ಮುಂದಿಡುತ್ತೇವೆ.

ಗಾಯ ಮಾಗಿದ ಮೇಲೆ ಚರ್ಮದಲ್ಲಿ ಗಟ್ಟಿ ಕಲೆ ಉಳಿಯುವುದಷ್ಟೆ. ಅಂಥ ಕಲೆಯೇ ಶ್ವಾಸಕೋಶದೊಳಗೆ ಹಬ್ಬಿದರೆ ಅದು ಬಿರುಸಾಗಿ ಉಸಿರು ಸಾಲದಾಗುತ್ತದೆ. ಇದೇ ಪಲ್ಮನರಿ ಫೈಬ್ರೋಸಿಸ್. ಇದರಲ್ಲಿ ಕಾರಣ ತಿಳಿಯದ ಬಗೆಯೊಂದುಂಟು. ತಕ್ಕ ಔಷಧವಿಲ್ಲದಿದ್ದ ಕಾಲದಲ್ಲಿ, ರೋಗ ಗೊತ್ತಾದ 3ರಿಂದ 5 ವರ್ಷಗಳಲ್ಲಿ ಅರ್ಧದಷ್ಟು ರೋಗಿಗಳು ತೀರಿಕೊಳ್ಳುತ್ತಿದ್ದರು. ಆದರೆ ಎಲ್ಲರ ಗತಿಯೂ ಒಂದೇ ಅಲ್ಲ. ಕೆಲವರು ಬೇಗ ಕುಗ್ಗುತ್ತಾರೆ, ಕೆಲವರು ಬಹುಕಾಲ ಬಾಳುತ್ತಾರೆ. ಊರಿಗೆ ಹಣ ಕಳುಹಿಸಬೇಕಾದವನಿಗೆ ತಾನು ಯಾವ ಸಾಲಿನವನೆಂಬುದೇ ದೊಡ್ಡ ಚಿಂತೆ.

ಇದನ್ನು ರಕ್ತದಿಂದ ಅರಿಯಬಹುದೇ? ಶ್ವಾಸಕೋಶದ ಜೀವಕೋಶಗಳು ನೊಂದಾಗ ಕೆಲವು ವಸ್ತುಗಳು ರಕ್ತಕ್ಕೆ ಸೇರುತ್ತವೆ. ಅವುಗಳಲ್ಲೊಂದು ಕೆಎಲ್-6. ಜಪಾನಿನ ವೈದ್ಯರು ಇದನ್ನು ಬಹಳ ವರ್ಷಗಳಿಂದ ಅಳೆಯುತ್ತಿದ್ದಾರೆ. ಇಂಗ್ಲೆಂಡಿನಲ್ಲಿ ನಡೆದ 'ಪ್ರೊಫೈಲ್' ಅಧ್ಯಯನದ 2017ರ ವರದಿಯಂತೆ, ಸಿಎ-125 ಎಂಬ ವಸ್ತು ಮೂರು ತಿಂಗಳಲ್ಲಿ ಏರುತ್ತ ಹೋದವರಲ್ಲಿ ಸಾವು ಹೆಚ್ಚು. 2019ರಲ್ಲಿ ಇನ್ನೊಂದು ಅಧ್ಯಯನವು ಸಾಧಾರಣ ರಕ್ತಪರೀಕ್ಷೆಯ ಬಿಳಿಕಣವಾದ ಮಾನೊಸೈಟಿನ ಲೆಕ್ಕ ನೋಡಿತು. ಅದು ಒಂದು ಮೈಕ್ರೊಲೀಟರಿಗೆ 950 ಅಥವಾ ಹೆಚ್ಚಿದ್ದ ರೋಗಿಗಳಲ್ಲಿ ಅಪಾಯ ಹೆಚ್ಚೆಂದು ಕಂಡಿತು.

ಇಲ್ಲಿ ಎಚ್ಚರ ಬೇಕು. ಮಾನೊಸೈಟ್ ಕ್ಷಯ ಮೊದಲಾದ ಸೋಂಕುಗಳಲ್ಲೂ ಏರುತ್ತದೆ. ಅಧ್ಯಯನಗಳು ನೂರಾರು ಜನರ ಸರಾಸರಿ ಹೇಳುತ್ತವೆ, ಒಬ್ಬನ ಆಯುಷ್ಯವನ್ನಲ್ಲ. ಇಡೀ ಖಾತೆಯ ಸರಾಸರಿಯಿಂದ ಒಬ್ಬ ಕೆಲಸಗಾರನ ಹಾಜರಿ ಹೇಳಲಾದೀತೇ? ಕೆಎಲ್-6 ಮುಂತಾದವನ್ನು ಈ ರೋಗವನ್ನು ಅದರಂತಿರುವ ಇತರ ರೋಗಗಳಿಂದ ಬೇರ್ಪಡಿಸಲು ಬಳಸಬಾರದೆಂದು ಅಮೆರಿಕ, ಯೂರೋಪು, ಜಪಾನ್, ಲ್ಯಾಟಿನ್ ಅಮೆರಿಕಗಳ ವೈದ್ಯಸಂಘಗಳು 2018ರಲ್ಲಿ ಹೇಳಿವೆ.

ಆದುದರಿಂದ ವೈದ್ಯರು ಹೇಳದೆ ಇಂಥ ಪರೀಕ್ಷೆಗೆ ಸಂಬಳ ಸುರಿಯಬೇಡಿ. ಚೀಟಿಯ ಅಂಕಿ ಕಂಡು ಎದೆಗುಂದಲೂಬೇಡಿ. ರೋಗ ಗುರುತಿಸಲು ಸಿಟಿ ಸ್ಕ್ಯಾನ್ ಬೇಕು; ಅದರ ನಡೆ ತಿಳಿಯಲು, ಎಷ್ಟು ಉಸಿರು ಊದಬಲ್ಲಿರೆಂಬ ಪರೀಕ್ಷೆಯನ್ನು ಆಗಾಗ ಮಾಡಿಸಬೇಕು. ಪಿರ್ಫೆನಿಡೋನ್, ನಿಂಟೆಡಾನಿಬ್ ಎಂಬ ಔಷಧಗಳು ಕಲೆಯನ್ನು ಅಳಿಸಲಾರವು, ಹಬ್ಬುವುದನ್ನು ನಿಧಾನಗೊಳಿಸುತ್ತವೆ. ಬೇಗ ಹೋದವನಿಗೆ ಉಳಿಸಿಕೊಳ್ಳಲು ಹೆಚ್ಚು ಉಸಿರಿರುತ್ತದೆ.

ಒಣಕೆಮ್ಮು ವಾರಗಟ್ಟಲೆ ಬಿಡದಿದ್ದರೆ, ಮೆಟ್ಟಿಲೇರುವಾಗ ಮೊದಲಿಲ್ಲದ ಏದುಸಿರು ಬಂದರೆ, ರಜೆ ಕಳೆಯುವುದೆಂದು ಸುಮ್ಮನಿರಬೇಡಿ. ಆಸ್ಪತ್ರೆಯಲ್ಲಿ ಕೇಸ್ ಪೇಪರ್ ಮಾಡಿಸಲು ನಾವು ಯಾರಾದರೊಬ್ಬರು ಜೊತೆಗೆ ಬರುತ್ತೇವೆ.