ನೆನಪಿಡುವ ತಂತ್ರಾಂಶ, ಚಿತ್ರ ಹುಟ್ಟಿಸುವ ಯಂತ್ರ



ಕಾಡು, ನದಿಗಳ ಪರವಾದ ಎಷ್ಟೋ ಹೋರಾಟಗಳು ತಾರೀಖು ತಪ್ಪಿ ಸೋಲುತ್ತವೆ. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಸಲ್ಲಿಸಿದ ಅರ್ಜಿಗೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಬೇಕು. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ, ಸಾರ್ವಜನಿಕ ಅಹವಾಲಿಗೆ ಮುನ್ನ ಜನರಿಗೆ ನೀಡಬೇಕಾದ ಕನಿಷ್ಠ ಕಾಲಾವಕಾಶವೂ 30 ದಿನ. ಮಳೆಗಾಲದಲ್ಲಿ ಹಳ್ಳ ತುಂಬಿ ದಾರಿ ಕಡಿದುಹೋಗುವ ಊರುಗಳಿಗೆ ಈ ಅವಧಿ ಬಹಳ ಕಿರಿದು.

ಇಂತಹ ಸಂಘಟನೆಗಳ ಮುಂದೆ ಇಂದು ಎರಡು ಬಗೆಯ ಗಣಕ ಸಾಧನಗಳಿವೆ. ಒಂದು, ಕೆಲಸಕಾರ್ಯಗಳನ್ನು ನಿರ್ವಹಿಸುವ ಮುಕ್ತ ತಂತ್ರಾಂಶ; ಇನ್ನೊಂದು, ಕೃತಕ ಬುದ್ಧಿಮತ್ತೆಯಿಂದ ಚಿತ್ರ ರಚಿಸುವ ಸಾಧನ.

ಮೊದಲನೆಯದಕ್ಕೆ 2006ರಲ್ಲಿ ಹೊರಬಂದ ರೆಡ್‌ಮೈನ್ ಒಳ್ಳೆಯ ಉದಾಹರಣೆ. ಯಾವ ಕೆಲಸ, ಯಾರ ಹೊಣೆ, ಎಂದಿಗೆ ಮುಗಿಯಬೇಕು ಎಂಬುದನ್ನು ಅದು ದಾಖಲಿಸುತ್ತದೆ. ಗಡುವನ್ನು ಯಾರಾದರೂ ಬದಲಿಸಿದರೆ ಅವರ ಹೆಸರು, ಬದಲಿಸಿದ ದಿನ, ಹಳೆಯ ಗಡುವು ಎಲ್ಲವೂ ಉಳಿಯುತ್ತವೆ. ಕೊಳ್ಳುವ ಖರ್ಚಿಲ್ಲ, ಮೂಲ ಸಂಕೇತವನ್ನು ಯಾರು ಬೇಕಾದರೂ ಓದಿ ತಿದ್ದಬಹುದು. ಕಚೇರಿಯ ಒಂದು ಗಣಕದಲ್ಲಿ ಸ್ಥಾಪಿಸಿದರೆ ಅಂತರ್ಜಾಲವಿಲ್ಲದೆಯೂ ನಡೆಯುತ್ತದೆ. ಆದರೆ ಸ್ಥಾಪಿಸಲು ಬಲ್ಲವರು ಬೇಕು, ದಿನವೂ ಬರೆದಿಡುವ ಶಿಸ್ತು ಬೇಕು. ಬರೆಯದವರಿಗೆ ಯಾವ ತಂತ್ರಾಂಶವೂ ನೆರವಾಗದು.

ಎರಡನೆಯದು 2022ರಲ್ಲಿ ಜನಬಳಕೆಗೆ ಬಂದಿತು. ಮಿಡ್‌ಜರ್ನಿಯಂಥವು ಕಂಪನಿಯ ಗಣಕಗಳಲ್ಲೇ ನಡೆಯುತ್ತವೆ. ಸ್ಟೇಬಲ್ ಡಿಫ್ಯೂಷನ್ ಅನ್ನು ಸ್ವಂತ ಗಣಕಕ್ಕೂ ಇಳಿಸಿಕೊಳ್ಳಬಹುದು. ನಾಲ್ಕು ಮಾತು ಬರೆದರೆ ಕ್ಷಣದಲ್ಲಿ ಚಿತ್ರ ಸಿದ್ಧ. ಬೀದಿನಾಟಕದ ಭಿತ್ತಿಪತ್ರಕ್ಕೆ ಅದು ಅನುಕೂಲವೇ ಸರಿ. ಆದರೆ ಜಾಲದಿಂದ ಸಂಗ್ರಹಿಸಿದ ಕೋಟ್ಯಂತರ ಚಿತ್ರಗಳಿಂದ ಅದು ಕಲಿತದ್ದು. ಆ ಕಲಾವಿದರಲ್ಲಿ ಅನೇಕರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ವಿದ್ಯುತ್ತಿನ ಲೆಕ್ಕವೂ ಇದೆ. 2023ರ ಒಂದು ಅಧ್ಯಯನದಲ್ಲಿ ಸಾವಿರ ಚಿತ್ರಗಳ ರಚನೆಗೆ ಸರಾಸರಿ ಸುಮಾರು 2.9 ಯೂನಿಟ್ ವಿದ್ಯುತ್ ತಗಲಿತು. ಸಾವಿರ ಸಲ ಪಠ್ಯ ರಚಿಸಲು ತಗಲಿದ್ದು 0.05 ಯೂನಿಟ್‌ಗಿಂತ ಕಡಿಮೆ.

ಇದಕ್ಕಿಂತ ದೊಡ್ಡ ಅಪಾಯ ನಂಬಿಕೆಯದು. ಉರುಳಿದ ಮರಗಳ, ಕುಸಿದ ಗುಡ್ಡದ ಕಲ್ಪಿತ ಚಿತ್ರವೊಂದು ಆಕ್ಷೇಪಣಾ ಪತ್ರದೊಳಗೆ ಸೇರಿತೆನ್ನಿ. ಅದು ಬಯಲಾದ ದಿನ, ಹಳ್ಳಿಯವರು ಜಿಗಣೆ ಕಚ್ಚಿಸಿಕೊಂಡು ತೆಗೆದ ನೂರು ನಿಜವಾದ ಛಾಯಾಚಿತ್ರಗಳೂ ಸುಳ್ಳೆಂದು ತಳ್ಳಿಹಾಕಲ್ಪಡುತ್ತವೆ. ಸಿಂಗಳೀಕದ ಬಾಲದ ತುದಿಯ ಕುಚ್ಚನ್ನು ಯಂತ್ರ ತಪ್ಪಾಗಿ ಬರೆದರೆ, ಅದನ್ನು ನೋಡಿ ಕಲಿಯುವ ಮಗುವೂ ತಪ್ಪನ್ನೇ ಕಲಿಯುತ್ತದೆ.

ಆದ್ದರಿಂದ ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಒಂದು ನಡೆದುದನ್ನು ಕಾಪಾಡುತ್ತದೆ, ಇನ್ನೊಂದು ನಡೆಯದುದನ್ನು ತೋರಿಸುತ್ತದೆ. ಭಿತ್ತಿಪತ್ರದಲ್ಲಿ ಯಂತ್ರರಚಿತ ಚಿತ್ರವಿದ್ದರೆ ಹಾಗೆಂದು ಕೆಳಗೆ ನಮೂದಿಸಬೇಕು; ಸಾಕ್ಷ್ಯದ ಕಡತದಲ್ಲಿ ಅದಕ್ಕೆ ಸ್ಥಳವೇ ಇರಬಾರದು. ವಿದ್ಯಾರ್ಥಿಗಳು ಮೊದಲು ಕಲಿಯತಕ್ಕದ್ದು ದಾಖಲೆಯ ಕೆಲಸವನ್ನು: ಸ್ಥಳ, ದಿನಾಂಕ, ತೆಗೆದವರ ಹೆಸರು. ಗಣಕವಿಲ್ಲದ ಊರಿನಲ್ಲಿ ಒಂದು ದಪ್ಪ ನೋಟುಪುಸ್ತಕದಿಂದಲೇ ಅದನ್ನು ಆರಂಭಿಸಬಹುದು.