ಬಲ್ಬು ಮಾತಾಡುತ್ತದೆ ಎಂದವರ ಮುಂದೆ



ಬೆಳಕಿನ ಮೂಲಕ ನಡೆಯುವ ನಿಸ್ತಂತು ಸಂವಹನ, ಅಪರೂಪದ ಮಾನಸಿಕ ದೂರುಗಳ ರೋಗನಿರ್ಣಯ: ಇವೆರಡನ್ನೂ ಈ ಸಂಕಿರಣದ ಒಂದೇ ಆಹ್ವಾನ ಪತ್ರಿಕೆಯಲ್ಲಿ ನೋಡಿ ಹಲವರು ಹುಬ್ಬೇರಿಸಿದ್ದಾರೆ. ಅದು ಅಚ್ಚಿನ ತಪ್ಪಲ್ಲ. "ನಮ್ಮನೆ ಬಲ್ಬು ನನ್ನ ಮಾತು ಕದ್ದು ಕೇಳುತ್ತಿದೆ ಡಾಕ್ಟ್ರೇ, ನನಗೊಬ್ಬನಿಗೇ ಕೇಳುವ ಹಾಗೆ ಬೆಳಕಿನಲ್ಲಿ ಮಾತಾಡುತ್ತಿದೆ" ಎಂದು ಒಬ್ಬರು ಹೊರರೋಗಿ ವಿಭಾಗಕ್ಕೆ ಬಂದು ಕೂತರೆ ಕೇಸ್ ಶೀಟಿನಲ್ಲಿ ಏನು ಬರೆಯಬೇಕು? ಈ ಸಂಕಿರಣ ಎದುರಿಸಬೇಕಾದ ಪ್ರಶ್ನೆ ಅದು.

ನಾನು ಓದುತ್ತಿದ್ದ ಕಾಲದಲ್ಲಿ ಉತ್ತರ ಸುಲಭವಿತ್ತು. ಆಗದ ಮಾತು, ಹಾಗಾಗಿ ಭ್ರಾಂತಿ. ಈಗ ಅಷ್ಟು ಸಲೀಸಾಗಿ ಹೇಳಿ ಕೈತೊಳೆದುಕೊಳ್ಳಲಾಗದು. 2020ರಲ್ಲಿ ಇಸ್ರೇಲಿನ ಬೆನ್-ಗುರಿಯನ್ ವಿಶ್ವವಿದ್ಯಾಲಯ ಮತ್ತು ವೈಜ್‌ಮನ್ ಸಂಸ್ಥೆಯ ಸಂಶೋಧಕರು ಕೋಣೆಯೊಳಗೆ ನೇತಾಡುವ ಬಲ್ಬಿನ ಸೂಕ್ಷ್ಮ ಕಂಪನವನ್ನು 25 ಮೀಟರ್ ದೂರದಿಂದ, ದೂರದರ್ಶಕ ಮತ್ತು ಬೆಳಕಿನ ಸಂವೇದಕ ಇಟ್ಟುಕೊಂಡು ಓದಿ, ಒಳಗಿನ ಮಾತನ್ನೂ ಹಾಡನ್ನೂ ಮರಳಿ ಪಡೆದರು. ಅದರ ಹಿಂದಿನ ವರ್ಷ ಅಮೆರಿಕದ ಎಂಐಟಿ ಲಿಂಕನ್ ಪ್ರಯೋಗಾಲಯದವರು ಲೇಸರ್ ಕಿರಣದಿಂದ ಎರಡೂವರೆ ಮೀಟರ್ ದೂರದ ಒಂದು ಜಾಗಕ್ಕೆ ಮಾತ್ರ ಕೇಳುವಂತೆ ಸದ್ದು ತಲುಪಿಸಿದರು. ಗಾಳಿಯಲ್ಲಿನ ನೀರಾವಿ ಆ ಬೆಳಕನ್ನು ಹೀರಿ ಹಿಗ್ಗಿ ಕುಗ್ಗಿ, ತಾನೇ ಸದ್ದು ಮಾಡುತ್ತದೆ. ಸದ್ದಿನ ಮಟ್ಟ ಸುಮಾರು 60 ಡೆಸಿಬಲ್, ಅಂದರೆ ನಾವು ಎದುರುಬದುರು ಕೂತು ಮಾತಾಡುವಷ್ಟು.

ಇದನ್ನು ಕೇಳಿ ಯಾರೂ ಮನೆಗೆ ಹೋಗಿ ಬಲ್ಬು ಬಿಚ್ಚಬೇಕಿಲ್ಲ. ಮೊದಲನೆಯ ಪ್ರಯೋಗದಲ್ಲಿ ಸ್ಪೀಕರಿನ ಸದ್ದು ಜೋರಾಗಿತ್ತು. ಬಲ್ಬು ಅಲ್ಲಿ ಬರಿಯ ವಸ್ತು, ಕೇಳುತ್ತಿದ್ದದ್ದು ಹೊರಗಿನ ಸಂವೇದಕ. ಎರಡನೆಯದರಲ್ಲಿ ಬಳಸಿದ್ದು ಕಣ್ಣಿಗೆ ಕಾಣದ ಅವಕೆಂಪು ಲೇಸರ್. ನಿಮ್ಮ ಪಡಸಾಲೆಯ ಒಂಬತ್ತು ವ್ಯಾಟ್ ಎಲ್‌ಇಡಿಗೆ ಆ ಶಕ್ತಿಯಿಲ್ಲ. ಆದರೆ "ಜಗತ್ತಿನಲ್ಲೇ ಸಾಧ್ಯವಿಲ್ಲ" ಎಂಬ ನಮ್ಮ ಹಳೆಯ ಅಸ್ತ್ರ ಮೊಂಡಾಗಿದೆ.

ಬೆಳಕಿನಲ್ಲಿ ಮಾತು ಕಳಿಸುವುದೂ ಹೊಸ ಆಸೆಯಲ್ಲ. ಅಲೆಕ್ಸಾಂಡರ್ ಗ್ರಹಾಂ ಬೆಲ್ ಮತ್ತು ಚಾರ್ಲ್ಸ್ ಸಮ್ನರ್ ಟೇಂಟರ್ 1880ರಲ್ಲೇ ವಾಷಿಂಗ್ಟನ್ನಿನಲ್ಲಿ ಬಿಸಿಲಿನ ಮೇಲೆ ದನಿ ಹೊರಿಸಿ 213 ಮೀಟರ್ ದೂರ ದಾಟಿಸಿದ್ದರು. ಬೆಲ್ ತನ್ನ ಟೆಲಿಫೋನಿಗಿಂತ ಈ ಫೋಟೋಫೋನೇ ದೊಡ್ಡದೆಂದು ನಂಬಿದ್ದ. ಎಡಿನ್‌ಬರೊ ವಿಶ್ವವಿದ್ಯಾಲಯದ ಹ್ಯಾರಲ್ಡ್ ಹಾಸ್ 2011ರಲ್ಲಿ ಬೆಳಕಿನ ನಿಸ್ತಂತು ಸಂವಹನಕ್ಕೆ ಲೈಫೈ ಎಂಬ ಹೆಸರನ್ನು ಲೋಕಕ್ಕೆ ಪರಿಚಯಿಸಿದರು. 2023ರಲ್ಲಿ ಅದಕ್ಕೆ ಐಟ್ರಿಪಲ್‌ಇ 802.11ಬಿಬಿ ಎಂಬ ಮಾನಕ ಬಂತು. ವಿಚಿತ್ರವೆಂದರೆ ಆ ಮಾನಕ ಬಳಸುವುದು ಕಾಣುವ ಬೆಳಕನ್ನಲ್ಲ, 800ರಿಂದ 1000 ನ್ಯಾನೋಮೀಟರಿನ ಅವಕೆಂಪನ್ನು! ತತ್ವ ಮಾತ್ರ ಒಂದೇ. ಎಲ್‌ಇಡಿಯ ಪ್ರಖರತೆ ಸೆಕೆಂಡಿಗೆ ಹತ್ತಾರು ಲಕ್ಷ ಸಲ ಏರಿಳಿಯುತ್ತದೆ, ಎದುರಿನ ಫೋಟೋಡಯೋಡ್ ಅದನ್ನು ಓದುತ್ತದೆ. ನಮ್ಮ ಕಣ್ಣಿಗೆ ಸೆಕೆಂಡಿಗೆ ನೂರರ ಆಸುಪಾಸಿನ ಮಿಣುಕೇ ಸ್ಥಿರ ಬೆಳಕಾಗಿ ಕಾಣುತ್ತದೆ. ಲಕ್ಷಗಟ್ಟಲೆ ಏರಿಳಿತವನ್ನು ಅಕ್ಷಿಪಟಲ ಹಿಂಬಾಲಿಸಲಾರದು, ಅದನ್ನು ಮಾತಾಗಿ ಬಿಡಿಸುವ ಅಂಗ ಮಿದುಳಿನಲ್ಲಿಲ್ಲ. ಲೈಫೈ ಸಂದೇಶ ತಲೆಯೊಳಗೆ ಇಳಿಯುವುದಿಲ್ಲ ಎಂದು ಎಂಜಿನಿಯರುಗಳು ಧೈರ್ಯವಾಗಿ ಹೇಳಬಹುದು.

ಹಾಗಾದರೆ ಭ್ರಾಂತಿ ಎಂದು ಷರಾ ಬರೆದು ಮುಗಿಸೋಣವೇ? ಲಂಡನ್ನಿನ ಒಂದು ಹಳೆಯ ಪ್ರಕರಣ ನೆನಪಿಸುತ್ತೇನೆ. ಜೇಮ್ಸ್ ಟಿಲ್ಲಿ ಮ್ಯಾಥ್ಯೂಸ್ ಎಂಬ ಚಹಾ ವ್ಯಾಪಾರಿಯನ್ನು 1797ರಲ್ಲಿ ಬೆತ್ಲೆಮ್ ಆಸ್ಪತ್ರೆಗೆ ಸೇರಿಸಿದರು. ಒಂದು ತಂಡ ನೆಲಮಾಳಿಗೆಯಲ್ಲಿ 'ಗಾಳಿಮಗ್ಗ' ಎಂಬ ಯಂತ್ರ ಇಟ್ಟುಕೊಂಡು, ಅನಿಲಗಳಿಂದ ಮತ್ತು ಕಾಂತಶಕ್ತಿಯಿಂದ ತನ್ನ ಮನಸ್ಸನ್ನು ನೇಯುತ್ತಿದೆ ಎಂಬುದು ಅವನ ದೂರು. ಅದು ರಸಾಯನಶಾಸ್ತ್ರಜ್ಞ ಪ್ರೀಸ್ಟ್ಲಿಯ ಅನಿಲಗಳು, ಮೆಸ್ಮರನ ಕಾಂತಚಿಕಿತ್ಸೆ ಎಲ್ಲರ ಬಾಯಲ್ಲಿದ್ದ ಕಾಲ. 1809ರಲ್ಲಿ ಇಬ್ಬರು ವೈದ್ಯರು ಪರೀಕ್ಷಿಸಿ ಅವನ ಬುದ್ಧಿ ಸ್ವಸ್ಥವಾಗಿದೆ ಎಂದರು. ಆಸ್ಪತ್ರೆಯ ಜಾನ್ ಹ್ಯಾಸ್ಲಮ್ ಅದನ್ನು ಅಲ್ಲಗಳೆಯಲು 1810ರಲ್ಲಿ ಇಡೀ ಪುಸ್ತಕ ಬರೆದ. ಈ ಕಥೆಯಲ್ಲಿ ನನ್ನನ್ನು ಕಾಡುವುದು ಯಂತ್ರವಲ್ಲ. ತಾನು ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವೆ ಗುಟ್ಟಾಗಿ ಶಾಂತಿ ಸಂಧಾನ ನಡೆಸಿದೆ, ಪ್ಯಾರಿಸ್ಸಿನಲ್ಲಿ ಸೆರೆಯಲ್ಲಿದ್ದೆ ಎಂದೂ ಮ್ಯಾಥ್ಯೂಸ್ ಹೇಳುತ್ತಿದ್ದ. ಅದು ನಿಜವಾಗಿತ್ತು. ಒಬ್ಬನೇ ಮನುಷ್ಯ, ಒಂದೇ ಉಸಿರಿನಲ್ಲಿ ನಿಜವನ್ನೂ ಇಲ್ಲದ್ದನ್ನೂ ಹೇಳುತ್ತಿದ್ದ. ಕೇಳುವವರು ಎರಡನ್ನೂ ಒಂದೇ ಬುಟ್ಟಿಗೆ ಹಾಕಿದರು.

ಯಂತ್ರ ಬದಲಾಗುತ್ತದೆ, ದೂರಿನ ಎಲುಬುಗೂಡು ಬದಲಾಗುವುದಿಲ್ಲ. 1919ರಲ್ಲಿ ವಿಯೆನ್ನಾದ ಮನೋವಿಶ್ಲೇಷಕ ವಿಕ್ಟರ್ ಟೌಸ್ಕ್ ಇಂಥ 'ಪ್ರಭಾವ ಬೀರುವ ಯಂತ್ರ'ಗಳ ಬಗ್ಗೆಯೇ ಪ್ರಬಂಧ ಬರೆದ. ಸ್ಲೊವೇನಿಯಾದ ಲುಬ್ಲಿಯಾನದಲ್ಲಿ 1881ರಿಂದ 2000ದವರೆಗಿನ ಆಸ್ಪತ್ರೆ ದಾಖಲೆಗಳನ್ನು ನೋಡಿದವರಿಗೆ, ರೇಡಿಯೋ ಮತ್ತು ಟಿವಿ ಹರಡಿದ ಮೇಲೆ ಯಂತ್ರಗಳ ಮೂಲಕ ಹೊರಗಿನವರು ತನ್ನನ್ನು ಆಳುತ್ತಿದ್ದಾರೆಂಬ ಭ್ರಾಂತಿಗಳು ಹೆಚ್ಚಿದ್ದು ಕಂಡಿತು. ನಮ್ಮಲ್ಲೂ ಒಬ್ಬರು ಮಾಟ ಎನ್ನುತ್ತಾರೆ, ಇನ್ನೊಬ್ಬರು ಮೊಬೈಲ್ ಟವರ್ ಎನ್ನುತ್ತಾರೆ. ನಾಳೆ ಲೈಫೈ ಎನ್ನುತ್ತಾರೆ, ಬರೆದಿಟ್ಟುಕೊಳ್ಳಿ.

ಮನೋವೈದ್ಯ ಕಾರ್ಲ್ ಯಾಸ್ಪರ್ಸ್ 1913ರಲ್ಲೇ ನಂಬಿಕೆಯ ವಿಷಯವನ್ನೂ ಅದರ ರೂಪವನ್ನೂ ಬೇರ್ಪಡಿಸಿ ನೋಡಲು ಕಲಿಸಿದ. ಹೆಂಡತಿಯ ಮೇಲಿನ ಸಂಶಯ ನಿಜವೇ ಆಗಿರಬಹುದು, ಆದರೂ ಗಂಡನ ಸಂಶಯ ರೋಗವಾಗಿರಬಹುದು. ನಮ್ಮ ಕೈಪಿಡಿಗಳು ಈ ಪಾಠಕ್ಕೆ ತಡವಾಗಿ ಬಂದವು. ರೋಗನಿರ್ಣಯದ ಅಮೆರಿಕನ್ ಕೈಪಿಡಿ ಡಿಎಸ್ಎಂ-4ರಲ್ಲಿ ಭ್ರಾಂತಿ 'ವಿಲಕ್ಷಣ'ವಾಗಿದ್ದರೆ ಸ್ಕಿಜೋಫ್ರೀನಿಯಾದ ಮುಖ್ಯ ಲಕ್ಷಣಗಳ ಷರತ್ತಿಗೆ ಅದೊಂದೇ ಸಾಕಿತ್ತು. ಯಾವುದು ವಿಲಕ್ಷಣ ಎಂಬುದರಲ್ಲಿ ವೈದ್ಯರಿಗೇ ಒಮ್ಮತ ಇರಲಿಲ್ಲ. 2013ರ ಡಿಎಸ್ಎಂ-5 ಆ ವಿಶೇಷ ಮನ್ನಣೆಯನ್ನು ತೆಗೆದುಹಾಕಿತು. ಸರಿಯಾದ ನಿರ್ಧಾರ ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ಬಲ್ಬಿನ ದೂರು ಹೊತ್ತು ಬಂದವರಿಗೆ "ಅದು ಹೇಗೆ ಸಾಧ್ಯ?" ಎಂದು ಸವಾಲು ಹಾಕಬೇಡಿ. ಅದು ವಾದಕ್ಕೆ ಕರೆದ ಹಾಗೆ, ವಾದದಲ್ಲಿ ಅವರೇ ಗೆಲ್ಲುತ್ತಾರೆ. ಬದಲಿಗೆ ಇವನ್ನು ಕೇಳಿ ತಿಳಿಯಿರಿ: ಯಾವಾಗಿನಿಂದ, ಅದಕ್ಕೆ ಮುಂಚೆ ಮನೆಯಲ್ಲಿ ಏನು ನಡೆದಿತ್ತು, ಬಲ್ಬು ಆರಿಸಿದರೆ ದನಿ ನಿಲ್ಲುತ್ತದೆಯೇ, ನಿದ್ದೆ ಹೇಗಿದೆ, "ಬೇರೆ ಕಾರಣವೂ ಇರಬಹುದಲ್ಲವೇ" ಎಂದರೆ ಒಂದು ಗಳಿಗೆಯಾದರೂ ಯೋಚಿಸುತ್ತಾರೆಯೇ? ಬೇರೆ ಕಾರಣಗಳು ಇದ್ದೇ ಇರುತ್ತವೆ. ಅಗ್ಗದ ಎಲ್‌ಇಡಿ ಡ್ರೈವರುಗಳು ನಿಜವಾಗಿಯೂ ಗುಂಯ್‌ಗುಡುತ್ತವೆ. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಕೆಲವು ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಬ್ರಿಟನ್ನಿನ ಕಚೇರಿಯೊಂದರಲ್ಲಿ ಹಾಗೆ ಮಿಣುಕುವ ಟ್ಯೂಬ್‌ಲೈಟಿಗೆ ಹೆಚ್ಚು ಆವರ್ತನದ ಚೋಕ್ ಹಾಕಿದಾಗ ತಲೆನೋವು, ಕಣ್ಣುನೋವು ಅರ್ಧಕ್ಕಿಂತ ಕಡಿಮೆಯಾದವೆಂದು 1989ರಲ್ಲಿ ಅರ್ನಾಲ್ಡ್ ವಿಲ್ಕಿನ್ಸ್ ಮತ್ತು ಸಂಗಡಿಗರು ತೋರಿಸಿದರು. ಕಿವಿಮೊರೆತ, ಮೈಗ್ರೇನು, ಟೆಂಪೊರಲ್ ಲೋಬಿನ ಮೂರ್ಛೆರೋಗ, ಮದ್ಯ ಬಿಟ್ಟ ಮೊದಲ ವಾರ, 2007ರಲ್ಲಿ ಗುರುತಿಸಿದ ಎನ್‌ಎಂಡಿಎ ಪ್ರತಿಕಾಯದ ಮಿದುಳುರಿಯೂತ, ಇವೆಲ್ಲವೂ ಸಾಲಿನಲ್ಲಿ ಕಾಯುತ್ತಿರುತ್ತವೆ. ಇವನ್ನು ದಾಟಿದ ಮೇಲೂ ದೂರು ಅಲುಗಾಡದೆ ನಿಂತರೆ, ಬದುಕನ್ನು ಕಿತ್ತು ತಿನ್ನುತ್ತಿದ್ದರೆ, ಆಗ ಅದು ರೋಗ. ಲೈಫೈ ಇದ್ದರೂ ರೋಗ, ಇಲ್ಲದಿದ್ದರೂ ರೋಗ.

ಎಂಜಿನಿಯರ್ ಮಿತ್ರರೆ, ಇಲ್ಲಿ ನಿಮ್ಮ ಪಾಲಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ಮಾನಸಿಕ ಚಿಕಿತ್ಸೆಯ ತರಬೇತಿ ಕೊಟ್ಟಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಆ ಮಾದರಿಯಿಂದ. ಬಲ್ಬಿನಂಥ ದೂರು ಎದುರಾದಾಗ ಪ್ರಾಥಮಿಕ ಕೇಂದ್ರದ ಆ ವೈದ್ಯರು ಲೈಫೈ ಬಗ್ಗೆ ಯಾರನ್ನು ಕೇಳಬೇಕು? ನಾಳೆ ಸಂಜೆಯ ಸಮಾರೋಪಕ್ಕೆ ಮುಂಚೆ ನೀವೂ ಮನೋವೈದ್ಯರೂ ಒಂದೇ ಮೇಜಿನಲ್ಲಿ ಕೂತು, ಬೆಳಕಿನಿಂದ ಏನು ಆಗುತ್ತದೆ, ಏನು ಆಗುವುದಿಲ್ಲ ಎಂಬುದನ್ನು ಒಂದು ಪುಟ ಮೀರದ ಹಾಗೆ, ತಿಳಿಗನ್ನಡದಲ್ಲಿ ಬರೆದುಕೊಡಿ.