ಟ್ರಾಕ್ಟರಿನ ಬ್ಯಾಟರಿ, ಟ್ರೈಲರಿನ ದೀಪ



ಬೆಳಿಗ್ಗೆ ಟ್ರಾಕ್ಟರು ಸ್ಟಾರ್ಟ್ ಆಗದಿದ್ದರೆ ಕೂಡಲೇ ಹೊಸ ಬ್ಯಾಟರಿಗೆ ಹಣ ಹೊಂದಿಸಲು ಹೊರಡಬೇಡಿರಿ. ಮೊದಲು ಬ್ಯಾಟರಿಗೆ ವೈರು ಕೂಡುವ ತುದಿಗಳನ್ನು ನೋಡಿರಿ. ಅಲ್ಲಿ ಕಿಲುಬು ಕಟ್ಟಿದ್ದರೆ ವಿದ್ಯುತ್ತು ಸರಿಯಾಗಿ ಹರಿಯದು. ಮೊದಲು ಅರ್ತಿಂಗ್ ವೈರು, ಆಮೇಲೆ ಇನ್ನೊಂದನ್ನು ಬಿಚ್ಚಿ, ಅಡಿಗೆ ಸೋಡಾ ಬೆರೆಸಿದ ನೀರಿನಿಂದ ತಿಕ್ಕಿರಿ. ಆ ನೀರು ಬ್ಯಾಟರಿಯೊಳಗೆ ಇಳಿಯಬಾರದು. ಒರೆಸಿ ಬಿಗಿಯುವಾಗ ಅರ್ತಿಂಗ್ ವೈರು ಕೊನೆಗೆ. ಹತ್ತಿರ ಬೀಡಿ ಸೇದುವುದಂತೂ ಕೂಡದು. ಬ್ಯಾಟರಿಯಿಂದ ಹೊರಡುವ ಅನಿಲಕ್ಕೆ ಒಂದು ಕಿಡಿ ಸಾಕು.

12 ವೋಲ್ಟಿನ ಬ್ಯಾಟರಿ ರಾತ್ರಿಯೆಲ್ಲ ನಿಂತ ಮೇಲೂ ಮೀಟರಿನಲ್ಲಿ 12.6ರ ಆಸುಪಾಸು ತೋರಿಸಿದರೆ ಅದರ ಹೊಟ್ಟೆ ತುಂಬಿದೆ. ಇಂಜಿನ್ ಓಡುವಾಗ 14ರ ಸಮೀಪಕ್ಕೆ ಏರದಿದ್ದರೆ ಬೆಲ್ಟನ್ನೂ ಆಲ್ಟರ್ನೇಟರನ್ನೂ ತೋರಿಸಿರಿ. ಅದನ್ನು ಬಿಟ್ಟು ಹೊಸ ಬ್ಯಾಟರಿ ತಂದರೆ ಅದೂ ಬರಿದಾಗುತ್ತದೆ.

ಇನ್ನು ಟ್ರೈಲರು. ಕಬ್ಬು ಹೇರಿಕೊಂಡು ಕತ್ತಲಲ್ಲಿ ಹೋಗುವಾಗ ಹಿಂಬದಿ ದೀಪ ಉರಿಯದಿದ್ದರೆ, ಹಿಂದೆ ಬೈಕಿನಲ್ಲಿ ಬರುವವನ ಪ್ರಾಣಕ್ಕೇ ಸಂಚಕಾರ. ಬಲ್ಬು ಸರಿಯಿದ್ದೂ ಉರಿಯದಿದ್ದರೆ, ಅಥವಾ ಇಂಡಿಕೇಟರ್ ಹಾಕಿದಾಗ ಬೇರೆ ದೀಪವೂ ಮಿಣುಕಿದರೆ, ಅರ್ತಿಂಗನ್ನೇ ಮೊದಲು ಸಂಶಯಿಸಿರಿ. ಎಷ್ಟೋ ಕಡೆ ಟ್ರೈಲರು ಜೋಡಿಸುವ ಕೊಕ್ಕೆಯನ್ನೇ ಅರ್ತಿಂಗೆಂದು ನಂಬಿರುತ್ತಾರೆ. ತುಕ್ಕು, ಗ್ರೀಸು ಮೆತ್ತಿದ ಆ ಕಬ್ಬಿಣವನ್ನು ನೆಚ್ಚಬಾರದು. ಟ್ರಾಕ್ಟರಿನಿಂದ ದೀಪದವರೆಗೆ ಬೇರೆಯೇ ವೈರು ಎಳೆಸಿರಿ.